ತಿಂಗಳ ಲೆಕ್ಕ ಸರಿಯಾಗಿದೆ, ಆದರೂ ಸಾಲ ಯಾಕೆ ಬೆಳೆಯುತ್ತದೆ?

ಹೋದ ವರ್ಷ ಮೇ ತಿಂಗಳ ಒಂದು ಭಾನುವಾರ. ನಾಗರಬಾವಿಯ ನಮ್ಮ ಬಾಡಿಗೆ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಫ್ಯಾನ್ ಕೆಳಗೆ ಚಾಪೆ ಹಾಕಿಕೊಂಡು ಕೂತಿದ್ದೆವು. ಮುಂದೆ ಮಗನ ಏಳನೇ ಕ್ಲಾಸಿನ ಗಣಿತದ ನೋಟ್‌ಬುಕ್. ಹಿಂದಿನ ಹತ್ತು ಹಾಳೆ ಖಾಲಿ ಇದ್ದವು, ಅದಕ್ಕೇ ಅದನ್ನು ತೆಗೆದುಕೊಂಡಿದ್ದೆವು. ಒಂದು ಕಡೆ ಮೊಬೈಲು, ಅದರಲ್ಲಿ ಬ್ಯಾಂಕಿನ ಮೆಸೇಜುಗಳು.

ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡುವವನು. ನಗಬೇಡಿ. ದಿನವಿಡೀ ಬೇರೆಯವರ ಲೆಕ್ಕ ಸರಿ ಮಾಡುವವನ ಮನೆಯಲ್ಲೇ ಕ್ರೆಡಿಟ್ ಕಾರ್ಡಿನ ಬಾಕಿ 1,40,000 ರೂಪಾಯಿಗೆ ಬಂದು ನಿಂತಿತ್ತು. ಪರ್ಸನಲ್ ಲೋನ್ ಇನ್ನೂ 3 ಲಕ್ಷ ಉಳಿದಿತ್ತು. ಭಾವನ ಹತ್ತಿರ ತಂದ 60 ಸಾವಿರ ಕೈಸಾಲ ಬೇರೆ. ಕಾರ್ಡಿನ ವಿಷಯ ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. ಅವತ್ತು ಹೇಳಿದೆ.

ಅವಳು ಕೂಗಾಡಲಿಲ್ಲ. ಪೆನ್ನು ತೆಗೆದುಕೊಂಡು ಬರೆಯತೊಡಗಿದಳು. ನನ್ನ ಸಂಬಳ ಕೈಗೆ ಬರೋದು 68,000. ಅವಳು ಮನೆಯಲ್ಲೇ ಬ್ಲೌಸ್ ಹೊಲಿದು ಸರಾಸರಿ 14,000 ದುಡಿಯುತ್ತಾಳೆ. ಒಟ್ಟು 82,000. ಖರ್ಚು: ಬಾಡಿಗೆ 19,000, ದಿನಸಿ 9,000, ಹಾಲು 3,000, ತರಕಾರಿ ಹಣ್ಣು 4,500, ಗ್ಯಾಸ್ ನೀರು ಕರೆಂಟು 1,800, ಪೆಟ್ರೋಲು ಬಸ್ಸು 4,500, ಮೊಬೈಲು ಇಂಟರ್ನೆಟ್ಟು 1,600, ಅಮ್ಮನ ಮಾತ್ರೆ 2,500, ಮಕ್ಕಳ ಟ್ಯೂಷನ್ 3,000, ಹೋಟೆಲು ಇತ್ಯಾದಿ 3,500. ಕೂಡಿದರೆ 52,400. ಪರ್ಸನಲ್ ಲೋನಿನ ಕಂತು 10,253. ಕಾರ್ಡಿಗೆ ಮಿನಿಮಮ್ ಡ್ಯೂ 7,000.

ಕಳೆದು ನೋಡಿದಳು. 12,347 ಉಳಿಯಬೇಕು.

"ನೀವು ಹೇಳೋ ಲೆಕ್ಕ ಸರಿ ಇದ್ರೆ ತಿಂಗಳಿಗೆ ಹನ್ನೆರಡು ಸಾವಿರ ಉಳೀಬೇಕಲ್ರೀ. ಎಲ್ಲಿದೆ, ತೋರ್ಸಿ."

ಎಲ್ಲೂ ಇರಲಿಲ್ಲ. ಹಾಗಂತ ನಾವು ಕುಡಿದು ತಿಂದು ಹಾಳು ಮಾಡುವವರೂ ಅಲ್ಲ. ಸಾಲದಲ್ಲಿರುವ ಎಷ್ಟೋ ಮನೆಗಳ ಒಗಟು ಇದೇ ಅಂತ ನನಗೆ ಆಮೇಲೆ ಅನ್ನಿಸಿತು. ತಿಂಗಳ ಲೆಕ್ಕ ಸರಿಯಾಗೇ ಇರುತ್ತದೆ. ಸಾಲ ಮಾತ್ರ ಬೆಳೆಯುತ್ತಲೇ ಇರುತ್ತದೆ.

ತಿಂಗಳಿಗೆ ಬಾರದ ಖರ್ಚು

ಕಾರ್ಡಿನ ಹಳೇ ಸ್ಟೇಟ್‌ಮೆಂಟುಗಳನ್ನು ತೆಗೆದೆವು. ದೊಡ್ಡ ದೊಡ್ಡ ಮೊತ್ತ ಯಾವಾಗ ಬಿದ್ದಿದೆ ಅಂತ ಮಾತ್ರ ನೋಡಿದೆವು. ಜೂನ್, ಸ್ಕೂಲ್ ಫೀಸು. ಆಗಸ್ಟ್, ವರಮಹಾಲಕ್ಷ್ಮಿ ಹಬ್ಬ ಮತ್ತು ಒಂದು ಮದುವೆ. ಅಕ್ಟೋಬರ್, ಹೆಲ್ತ್ ಇನ್ಶೂರೆನ್ಸ್. ಜನವರಿ, ಫ್ರಿಜ್ಜಿನ ಕಂಪ್ರೆಸರ್ ಹೋಯಿತು. ಒಂದೂ ದುಂದುವೆಚ್ಚ ಅಲ್ಲ. ಒಂದೂ ಅನಿರೀಕ್ಷಿತವೂ ಅಲ್ಲ. ಫ್ರಿಜ್ಜು ಯಾವತ್ತು ಕೆಡುತ್ತದೆ ಅಂತ ಗೊತ್ತಿರುವುದಿಲ್ಲ, ನಿಜ. ಆದರೆ ವರ್ಷಕ್ಕೆ ಏನಾದರೊಂದು ಕೆಟ್ಟೇ ಕೆಡುತ್ತದೆ. ಜೂನ್ ಅಂತೂ ಪ್ರತಿ ವರ್ಷ ಮೇ ಆದ ಮೇಲೆ ಬರುತ್ತದೆ, ಅಲ್ವಾ?

ವರ್ಷದ ಪಟ್ಟಿ ಬರೆದೆವು. ಇಬ್ಬರು ಮಕ್ಕಳ ಫೀಸು, ಪುಸ್ತಕ, ಯೂನಿಫಾರಂ, ವ್ಯಾನು ಸೇರಿ 1,10,000. ಹೆಲ್ತ್ ಇನ್ಶೂರೆನ್ಸ್ 28,000. ಎಲ್‌ಐಸಿ 24,000. ಮದುವೆ ಮುಂಜಿ ಮುಯ್ಯಿ, ಊರಿನ ಜಾತ್ರೆಗೆ ಹೋಗಿ ಬರುವ ಖರ್ಚು 22,000. ಗೌರಿ ಗಣೇಶ, ದಸರಾ, ದೀಪಾವಳಿ, ಬಟ್ಟೆ ಬರೆ 20,000. ರಿಪೇರಿಗೆ 12,000. ಗಾಡಿಯ ಇನ್ಶೂರೆನ್ಸು, ಸರ್ವಿಸು 6,000. ಒಟ್ಟು 2,22,000.

ಹನ್ನೆರಡರಿಂದ ಭಾಗಿಸಿ. ತಿಂಗಳಿಗೆ 18,500.

ಉಳಿಯುತ್ತದೆ ಅಂದುಕೊಂಡಿದ್ದು 12,347. ಬೇಕಾಗಿದ್ದು 18,500. ಅಂದರೆ ಪ್ರತಿ ತಿಂಗಳು 6,153 ರೂಪಾಯಿ ಖೋತಾ. ವರ್ಷಕ್ಕೆ 73,836. ಅಷ್ಟೂ ಸದ್ದಿಲ್ಲದೆ ಕಾರ್ಡಿನ ಮೇಲೆ ಹೋಗಿ ಕೂರುತ್ತಿತ್ತು. ಉಳಿದ ಹನ್ನೆರಡು ಸಾವಿರ ನೋಡಿಕೊಂಡು ನಾವು ಆರಾಮಾಗಿದ್ದ ತಿಂಗಳುಗಳಲ್ಲಿ ಒಂದು ಟಿವಿಯನ್ನೂ ಕೊಂಡಿದ್ದೆವು, ಅದು ಬೇರೆ ಕಥೆ.

ಆಫೀಸಿನಲ್ಲಿ ಇದನ್ನು ನಾನು ಪ್ರತಿ ತಿಂಗಳು ಮಾಡುತ್ತೇನೆ. ಪ್ರಾವಿಷನ್ ಅನ್ನುತ್ತೇವೆ. ಕೆಲಸಗಾರರ ಬೋನಸ್ ಕೊಡೋದು ದೀಪಾವಳಿಗೆ. ಆದರೆ ಅದರ ಹನ್ನೆರಡರಲ್ಲಿ ಒಂದು ಪಾಲನ್ನು ತಿಂಗಳು ತಿಂಗಳು ಖರ್ಚು ಅಂತಲೇ ಬರೆಯುತ್ತೇವೆ. ಇಲ್ಲದಿದ್ದರೆ ಹನ್ನೊಂದು ತಿಂಗಳು ಲಾಭ, ಒಂದು ತಿಂಗಳು ದೊಡ್ಡ ನಷ್ಟ ಅಂತ ಕಾಣುತ್ತದೆ. ಆ ಲಾಭವೂ ಸುಳ್ಳು. ಇಷ್ಟು ಗೊತ್ತಿದ್ದವನು ಮನೆಗೆ ಯಾಕೆ ಮಾಡಲಿಲ್ಲ? ಗೊತ್ತಿಲ್ಲ. ಅಡುಗೆಯವನ ಮನೆಯಲ್ಲಿ ಒಲೆ ಹಚ್ಚಲ್ಲ ಅನ್ನೋ ಹಾಗೆ.

ಸಾಲ ತೀರಿಸುವ ಬಗ್ಗೆ ಓದುವಾಗ ಎಲ್ಲರೂ ಮೊದಲು ಬಡ್ಡಿಯ ಮಾತು ಆಡುತ್ತಾರೆ. ನಾನು ಮೊದಲು ಈ ಪಟ್ಟಿ ಅನ್ನುತ್ತೇನೆ. ಇದು ಮಾಡದೆ ಕಾರ್ಡಿಗೆ ಎಷ್ಟೇ ಕಟ್ಟಿ, ಜೂನ್‌ನಲ್ಲಿ ಮತ್ತೆ ಅದೇ ಕಾರ್ಡು ಉಜ್ಜಬೇಕಾಗುತ್ತದೆ.

ಮಿನಿಮಮ್ ಡ್ಯೂ ಅಂದರೆ ಏನು

ಈಗ ಬಡ್ಡಿಗೆ ಬರೋಣ. ಕಾರ್ಡಿನ ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ. ಟೋಟಲ್ ಡ್ಯೂ, ಮಿನಿಮಮ್ ಡ್ಯೂ. ಮಿನಿಮಮ್ ಸಾಮಾನ್ಯವಾಗಿ ಬಾಕಿಯ 5 ಪರ್ಸೆಂಟ್ ಆಸುಪಾಸು. ಅದನ್ನು ಕಟ್ಟಿದರೆ ಲೇಟ್ ಫೀ ಬೀಳುವುದಿಲ್ಲ, ನಮ್ಮ ಸಾಲಗಳ ದಾಖಲೆ ಇಡುವ ಸಿಬಿಲ್‌ಗೆ ಡಿಫಾಲ್ಟ್, ಅಂದರೆ ಬಾಕಿ ಕಟ್ಟಿಲ್ಲ, ಅಂತ ಹೋಗುವುದಿಲ್ಲ. ಅಷ್ಟೇ. ಬಡ್ಡಿ ನಿಲ್ಲುವುದಿಲ್ಲ.

ನಮ್ಮದೇ ಬಿಲ್ ನೋಡಿ. 1,40,000ಕ್ಕೆ 7,000 ಕಟ್ಟಿದೆ. ಉಳಿದದ್ದು 1,33,000. ನಮ್ಮ ಕಾರ್ಡಿನ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್. ಅಂದರೆ 4,655. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 838 ರೂಪಾಯಿ. ಒಂದು ರೂಪಾಯಿಯ ಸಾಮಾನೂ ಹೊಸದಾಗಿ ತಗೊಳ್ಳದಿದ್ದರೂ ಮುಂದಿನ ಬಿಲ್ 1,38,493. ಕಾರ್ಡಿನವರು ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುತ್ತಾರೆ, ಹಾಗಾಗಿ ಸ್ವಲ್ಪ ಆಚೆ ಈಚೆ ಆಗಬಹುದು. ಆದರೆ ಸಾರಾಂಶ ಇದು: ಏಳು ಸಾವಿರ ಕಟ್ಟಿದೆ, ಸಾಲ ಇಳಿದದ್ದು ಬರೀ 1,507.

ತಿಂಗಳಿಗೆ 3.5 ಅಂದರೆ ಕೇಳೋಕೆ ಕಡಿಮೆ. ವರ್ಷಕ್ಕೆ 42. ಮಾರ್ವಾಡಿ ಅಂಗಡಿಯಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ "ಅಯ್ಯೋ" ಅನ್ನುವ ನಾವು, ನೂರಕ್ಕೆ ಮೂರೂವರೆಯನ್ನು ಏಸಿ ಶೋರೂಮಿನಲ್ಲಿ ಸಹಿ ಹಾಕಿ ಒಪ್ಪಿಕೊಂಡಿರುತ್ತೇವೆ.

ಮಿನಿಮಮ್ ಮಾತ್ರ ಕಟ್ಟುತ್ತಾ ಹೋದರೆ ಬಾಕಿ ಇಳಿದ ಹಾಗೆ ಮಿನಿಮಮ್ಮೂ ಇಳಿಯುತ್ತದೆ. ಹಾಗಾಗಿ 1,40,000 ಅರ್ಧಕ್ಕೆ ಇಳಿಯಲು ಐದು ವರ್ಷದ ಮೇಲೆ ಬೇಕು. ತೀರಲು ಅಲ್ಲ, ಅರ್ಧ ಆಗಲು. ಅದೇ 7,000ವನ್ನು ಕಡಿಮೆ ಮಾಡದೆ ಪ್ರತಿ ತಿಂಗಳು ಕಟ್ಟಿದರೆ 39 ತಿಂಗಳು. ಬಡ್ಡಿಯೇ ಸುಮಾರು 1,32,000, ಅಂದರೆ ಸಾಲದಷ್ಟೇ ಬಡ್ಡಿ. 15,000 ಕಟ್ಟಿದರೆ ಹನ್ನೆರಡು ತಿಂಗಳು, ಬಡ್ಡಿ 31 ಸಾವಿರದ ಆಸುಪಾಸು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಾರ್ಡಿನಲ್ಲಿ ನಲವತ್ತೈದು ಐವತ್ತು ದಿನ ಬಡ್ಡಿಯಿಲ್ಲ ಅನ್ನುತ್ತಾರಲ್ಲ, ಅದು ಹಿಂದಿನ ಬಿಲ್ ಪೂರ್ತಿ ಕಟ್ಟಿದವರಿಗೆ ಮಾತ್ರ. ಸ್ವಲ್ಪ ಬಾಕಿ ಉಳಿಸಿಕೊಂಡರೂ ಆ ಸೌಲಭ್ಯ ಹೋಯಿತು. ಇವತ್ತು ಬೆಳಿಗ್ಗೆ ಕಾರ್ಡಿನಲ್ಲಿ ತಂದ ದಿನಸಿಗೂ ಇವತ್ತಿನಿಂದಲೇ ಬಡ್ಡಿ. ಎಟಿಎಂನಲ್ಲಿ ಕಾರ್ಡಿನಿಂದ ಕ್ಯಾಶ್ ತೆಗೆದರಂತೂ ಯಾರಿಗೂ ರಿಯಾಯಿತಿ ಇಲ್ಲ. ತೆಗೆದ ದಿನದಿಂದ ಬಡ್ಡಿ, ಮೇಲೆ ಫೀಸು. ಆದ್ದರಿಂದ ಬಾಕಿ ಇರುವ ಕಾರ್ಡನ್ನು ಮೊದಲು ಪರ್ಸಿನಿಂದ ತೆಗೆಯಬೇಕು. ನಮ್ಮದು ಈಗ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗಿದೆ.

ಸರ ಬ್ಯಾಂಕಿಗೆ ಹೋಯಿತು

42 ಪರ್ಸೆಂಟಿನ ಸಾಲವನ್ನು ದುಡಿಮೆಯಿಂದ ಅಟ್ಟಿಸಿಕೊಂಡು ಹೋಗೋದು ಕಷ್ಟ. ಅದನ್ನು ಮೊದಲು ಕಡಿಮೆ ಬಡ್ಡಿಯ ಸಾಲವಾಗಿ ಬದಲಾಯಿಸಬೇಕು. ನಮ್ಮ ಮನೆಗಳಲ್ಲಿ ಇದಕ್ಕೆ ಇರುವ ಸುಲಭದ ದಾರಿ ಚಿನ್ನ. ನಾನು ಬಾಯಿಬಿಟ್ಟು ಕೇಳಲಿಲ್ಲ. ಅವಳೇ ಎದ್ದು ಹೋಗಿ ಸರ, ಎರಡು ಬಳೆ ತಂದು ನೋಟ್‌ಬುಕ್ಕಿನ ಮೇಲಿಟ್ಟಳು. "ಶ್ರಾವಣದೊಳಗೆ ಬರಲ್ಲ ಅಂತ ಗೊತ್ತು. ಆದ್ರೆ ಎಷ್ಟು ಶ್ರಾವಣ ಅಂತ ಹೇಳಿ" ಅಂದಳು.

ಬ್ಯಾಂಕಿನಲ್ಲಿ ಅಪ್ರೈಸರ್ ಒರೆಗಲ್ಲಿಗೆ ತಿಕ್ಕಿ, ಹರಳಿನ ತೂಕ ಕಳೆದು, ಬೆಲೆ ಕಟ್ಟಿದರು. ನಾವು ಇಟ್ಟಾಗ ಬೆಲೆಯ ಶೇ 75ರ ತನಕ ಸಾಲ ಕೊಡುತ್ತಿದ್ದರು. 2026ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮದಲ್ಲಿ 2.5 ಲಕ್ಷದವರೆಗಿನ ಸಾಲಕ್ಕೆ ಇದು ಶೇ 85ರವರೆಗೆ ಹೋಗಬಹುದು. ಜಾಸ್ತಿ ಸಿಗುತ್ತದೆ ಅಂತ ಜಾಸ್ತಿ ತಗೊಳ್ಳಬೇಡಿ, ಕಾರ್ಡಿನ ಬಾಕಿಯಷ್ಟೇ ಸಾಕು. ನಮಗೆ ವರ್ಷಕ್ಕೆ 10 ಪರ್ಸೆಂಟಿಗೆ 1,40,000 ಸಿಕ್ಕಿತು. ಅದೇ ದಿನ ಕಾರ್ಡು ಸೊನ್ನೆ ಮಾಡಿದೆ. ಕಾರ್ಡಿನಲ್ಲಿ ತಿಂಗಳಿಗೆ 5,493 ಹೋಗುತ್ತಿದ್ದ ಬಡ್ಡಿ ಈಗ 1,167.

ಇದರಲ್ಲಿ ಒಂದು ಹೊಂಡ ಇದೆ. ಚಿನ್ನದ ಸಾಲದಲ್ಲಿ ಬಹಳ ಸಲ ಕಂತು ಇರುವುದಿಲ್ಲ, ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟಿದರಾಯಿತು. ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಕೇಳದ ಸಾಲವನ್ನು ನಾವು ಮರೆಯುತ್ತೇವೆ. ಅದಕ್ಕೇ ನಾವೇ ಒಂದು ಕಂತು ಕಟ್ಟಿಕೊಂಡು, ಸಂಬಳ ಬಂದ ಮಾರನೇ ದಿನ ಆ ಖಾತೆಗೆ ಹೋಗುವ ಹಾಗೆ ಮಾಡಿದೆವು. ಇನ್ನೊಂದು ಹೊಂಡ ಅದಕ್ಕಿಂತ ದೊಡ್ಡದು. ಕಾರ್ಡು ಸೊನ್ನೆ ಆದ ಕೂಡಲೇ ಲಿಮಿಟ್ ಮತ್ತೆ ಪೂರ್ತಿ ಕಾಣುತ್ತದೆ. ಆರು ತಿಂಗಳಲ್ಲಿ ಅದೂ ತುಂಬಿದರೆ ಚಿನ್ನವೂ ಬ್ಯಾಂಕಿನಲ್ಲಿ, ಕಾರ್ಡೂ ಬಾಕಿ. ನಾನು ಲಿಮಿಟ್ಟನ್ನು 30 ಸಾವಿರಕ್ಕೆ ಇಳಿಸಿ ಅಂತ ಕಸ್ಟಮರ್ ಕೇರ್‌ಗೆ ಹೇಳಿದೆ. ಆ ಕಡೆಯ ಹುಡುಗನಿಗೆ ಆಶ್ಚರ್ಯ. ಎರಡು ಸಲ ಕೇಳಿದ, "ಸಾರ್, ಜಾಸ್ತಿ ಮಾಡೋದಾ?"

ಚಿನ್ನ ಇಲ್ಲ ಅಥವಾ ಇಡಲು ಮನಸ್ಸಿಲ್ಲ ಅನ್ನುವವರು ಕಾರ್ಡಿನ ಬಾಕಿಯನ್ನೇ ಇಎಂಐ ಮಾಡಿಸಬಹುದು. ಬಡ್ಡಿ ಸಾಮಾನ್ಯವಾಗಿ ಮೂಲ ಬಡ್ಡಿಯ ಅರ್ಧಕ್ಕಿಂತ ಕಡಿಮೆ ಇರುತ್ತದೆ. ಎಲ್‌ಐಸಿಯ ಹಳೇ ಪಾಲಿಸಿಯ ಮೇಲೂ ಸಾಲ ಸಿಗುತ್ತದೆ. ಆಫೀಸಿನಲ್ಲಿ ನೌಕರರ ಸೊಸೈಟಿ ಇದ್ದರೆ ಮೊದಲು ಅಲ್ಲಿ ಕೇಳಿ. ಏನೇ ಮಾಡಿ, ಆ್ಯಪ್‌ನಲ್ಲಿ ಐದು ನಿಮಿಷಕ್ಕೆ ಸಿಗುವ ಸಾಲದಿಂದ ಕಾರ್ಡು ತೀರಿಸಲು ಮಾತ್ರ ಹೋಗಬೇಡಿ.

ಹಾಗಾದರೆ ತಿಂಗಳ ಹಣ ಎಲ್ಲಿಂದ ಬಂತು

ಚಿನ್ನ ಇಟ್ಟ ಮೇಲೂ ಲೆಕ್ಕ ಕೂಡಲೇ ಸರಿಹೋಗಲಿಲ್ಲ. ಖರ್ಚಿನ ಎರಡೂ ಪಟ್ಟಿಗೆ ಕತ್ತರಿ ಹಾಕಬೇಕಾಯಿತು. ತಿಂಗಳ ಪಟ್ಟಿಯಿಂದ 3,400 ಇಳಿಸಿದೆವು. ಹೋಟೆಲು ಪಾರ್ಸೆಲ್ಲು 1,500, ಪೆಟ್ರೋಲು 900, ಇಂಟರ್ನೆಟ್ ಪ್ಲಾನು 500, ತರಕಾರಿಯಲ್ಲಿ 500. ಅವಳು ಲೈನಿಂಗು, ದಾರ ತರಲು ಚಿಕ್ಕಪೇಟೆಗೆ ಆಟೋದಲ್ಲಿ ಹೋಗುತ್ತಿದ್ದವಳು ಬಿಎಂಟಿಸಿ ಹತ್ತಿದಳು. 2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲವಲ್ಲ. ಕರೆಂಟಿಗೆ ಗೃಹಜ್ಯೋತಿ ಇದೆ. ಆದರೆ ಏಪ್ರಿಲ್ ಮೇ ತಿಂಗಳಲ್ಲಿ ಮೀಟರಿನ ಮೇಲೆ ಕಣ್ಣಿಡಬೇಕು. 200 ಯೂನಿಟ್ ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು.

ಹಾಲು, ಅಮ್ಮನ ಮಾತ್ರೆ, ಟ್ಯೂಷನ್ ಮುಟ್ಟಲಿಲ್ಲ. ಹಾಲಿನಲ್ಲಿ ಅರ್ಧ ಲೀಟರ್ ಉಳಿಸಿ ಸಾಲ ತೀರಿಸಿದವರನ್ನು ನಾನು ನೋಡಿಲ್ಲ. ಸುಮ್ನೆ ಮನೆಮಂದಿಯ ಮುಖ ಬಾಡುತ್ತದೆ, ಅಷ್ಟೇ.

ನಿಜವಾದ ಉಳಿತಾಯ ಸಿಕ್ಕಿದ್ದು ವರ್ಷದ ಪಟ್ಟಿಯಲ್ಲಿ. ಸ್ಕೂಲು ಒಂದೂವರೆ ಕಿಲೋಮೀಟರ್ ದೂರ, ಮಕ್ಕಳಿಬ್ಬರೂ ಒಟ್ಟಿಗೆ ನಡೆದು ಹೋಗುತ್ತಾರೆ. ವ್ಯಾನಿನ 18,000 ಉಳಿಯಿತು. ಹಬ್ಬದ ಬಟ್ಟೆಯಲ್ಲಿ 6,000. ಮುಯ್ಯಿಯಲ್ಲಿ 6,000. ಮುಯ್ಯಿ ಕಡಿಮೆ ಮಾಡೋದು ಸಂಕಟದ ವಿಷಯ, ಅವರು ನಮಗೆ ಎಷ್ಟು ಕೊಟ್ಟಿದ್ದರು ಅನ್ನೋದು ಪುಸ್ತಕದಲ್ಲಿ ಬರೆದಿರುತ್ತದೆ. ಆದರೂ ಮಾಡಿದೆವು. 2,22,000 ಇದ್ದದ್ದು 1,92,000ಕ್ಕೆ ಇಳಿಯಿತು. ತಿಂಗಳಿಗೆ 16,000.

ಈಗ ಕೂಡಿಸಿ ಕಳೆಯಿರಿ. 82,000ದಲ್ಲಿ ಮನೆ ಖರ್ಚು 49,000. ಪರ್ಸನಲ್ ಲೋನ್ 10,253. ವರ್ಷದ ಖರ್ಚಿಗೆ ಎತ್ತಿಡುವುದು 16,000. ಉಳಿದ 6,747 ಚಿನ್ನದ ಸಾಲಕ್ಕೆ. ಆ ಲೆಕ್ಕದಲ್ಲಿ 23 ತಿಂಗಳು. ಗಮನಿಸಿ, ಮೊದಲು ಕಾರ್ಡಿನ ಮಿನಿಮಮ್ಮಿಗೆ ಹೋಗುತ್ತಿದ್ದ ಹಣಕ್ಕಿಂತ ಇದು ಜಾಸ್ತಿ ಏನಲ್ಲ. "ಎರಡು ಶ್ರಾವಣ" ಅಂದೆ. ಅವಳು ಬರೆದುಕೊಂಡಳು.

ಆ 16,000 ಸಂಬಳದ ಖಾತೆಯಲ್ಲೇ ಇದ್ದರೆ ಕರಗಿಹೋಗುತ್ತದೆ. ಅದಕ್ಕೆ ಬೇರೆ ಬ್ಯಾಂಕಿನಲ್ಲಿ ಅವಳ ಹೆಸರಿನ ಒಂದು ಹಳೇ ಖಾತೆ ಇತ್ತು, ಅಲ್ಲಿಗೆ ಹಾಕುತ್ತೇವೆ. ಅದಕ್ಕೆ ಯುಪಿಐ ಜೋಡಿಸಿಲ್ಲ. ದುಡ್ಡು ಬೇಕಾದರೆ ಬ್ಯಾಂಕಿಗೆ ಹೋಗಬೇಕು ಅಥವಾ ಎಟಿಎಂ ಕಾರ್ಡು ಹುಡುಕಬೇಕು. ಅಷ್ಟು ತಡೆ ಸಾಕು. ಮೊದಲ ವರ್ಷ ಒಂದು ತೊಡಕು: ಪಟ್ಟಿ ಮಾಡಿದ್ದು ಮೇನಲ್ಲಿ, ಫೀಸು ಜೂನ್‌ನಲ್ಲಿ, ಖಾತೆಯಲ್ಲಿ ಇನ್ನೂ ಏನೂ ಇಲ್ಲ. ಸ್ಕೂಲಿಗೆ ಹೋಗಿ ಮೂರು ಕಂತು ಕೇಳಿದೆವು. ಕೊಟ್ಟರು. ಕೇಳಲು ನಾಚಿಕೆಪಟ್ಟುಕೊಂಡು ಹಿಂದೆಲ್ಲ ಕಾರ್ಡು ಉಜ್ಜಿದ್ದೆ.

ಇನ್ನು ಹೊಲಿಗೆಯ ಆದಾಯ ಪ್ರತಿ ತಿಂಗಳು ಒಂದೇ ಇರುವುದಿಲ್ಲ. ಮದುವೆ ಸೀಸನ್‌ನಲ್ಲಿ 20 ಸಾವಿರ, ಆಷಾಢದಲ್ಲಿ 8 ಸಾವಿರ. ಜಾಸ್ತಿ ಬಂದ ತಿಂಗಳ ಹೆಚ್ಚುವರಿಯೂ ಅದೇ ಖಾತೆಗೆ ಹೋಗುತ್ತದೆ, ಆಷಾಢದಲ್ಲಿ ವಾಪಸ್ ಬರುತ್ತದೆ.

ಪರ್ಸನಲ್ ಲೋನು, ಕೈಸಾಲ, ಚೀಟಿ

ಯಾವ ಸಾಲ ಮೊದಲು ಅನ್ನುವುದಕ್ಕೆ ಉತ್ತರ ಸುಲಭ: ಬಡ್ಡಿ ಜಾಸ್ತಿ ಇರುವುದು ಮೊದಲು. ಚಿಕ್ಕ ಸಾಲ ಮೊದಲು ಮುಗಿಸಿದರೆ ಮನಸ್ಸಿಗೆ ಹುರುಪು ಬರುತ್ತದೆ ಅನ್ನುವವರೂ ಇದ್ದಾರೆ. ಬಡ್ಡಿಯಲ್ಲಿ ಎರಡು ಮೂರು ಪರ್ಸೆಂಟ್ ವ್ಯತ್ಯಾಸ ಇದ್ದರೆ ಹಾಗೇ ಮಾಡಿ, ತಪ್ಪಿಲ್ಲ. ಕಾರ್ಡಿನ 42 ಮತ್ತು ಪರ್ಸನಲ್ ಲೋನಿನ 14ರ ಮಧ್ಯೆ ಹುರುಪಿನ ಮಾತು ಬೇಡ.

ಹಾಗಿದ್ದರೆ 14 ಪರ್ಸೆಂಟಿನ ಪರ್ಸನಲ್ ಲೋನ್ ಬಿಟ್ಟು 10 ಪರ್ಸೆಂಟಿನ ಚಿನ್ನದ ಸಾಲಕ್ಕೆ ಯಾಕೆ ಹಣ ಹಾಕಿದೆ ಅಂತ ಕೇಳಬಹುದು. ಒಂದು, ಚಿನ್ನದ ಸಾಲ ವರ್ಷಕ್ಕೆ ಮುಗಿಯುವಂಥದ್ದು. ಬಾಕಿ ಇಳಿದಿದ್ದರೆ ಉಳಿದದ್ದನ್ನು ಸುಲಭವಾಗಿ ರಿನ್ಯೂ ಮಾಡಿಸಿಕೊಳ್ಳಬಹುದು. ಎರಡು, ನಮ್ಮ ಪರ್ಸನಲ್ ಲೋನಿನಲ್ಲಿ ಮುಂಚೆಯೇ ಕಟ್ಟಿದರೆ ದಂಡ ಇದೆ. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಫ್ಲೋಟಿಂಗ್, ಅಂದರೆ ಆಗಾಗ ಬದಲಾಗುವ, ಬಡ್ಡಿಯ ಸಾಲಗಳಿಗೆ ವ್ಯಕ್ತಿಗಳಿಂದ ಇಂಥ ಶುಲ್ಕ ತಗೊಳ್ಳುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಆದರೆ ಪರ್ಸನಲ್ ಲೋನುಗಳು ಬಹುತೇಕ ಫಿಕ್ಸೆಡ್ ಬಡ್ಡಿಯವು, ನಮ್ಮದೂ ಅದೇ. ಮೂರನೇ ಕಾರಣ ಲೆಕ್ಕಕ್ಕೆ ಸೇರಿದ್ದಲ್ಲ. ಸರ ಅವಳದು.

ಲೋನ್ ತಗೊಳ್ಳುವ ಮುಂಚೆ "ಫ್ಲಾಟ್ ರೇಟ್" ಅನ್ನುವ ಪದ ಕಿವಿಗೆ ಬಿದ್ದರೆ ಎಚ್ಚರ. 3 ಲಕ್ಷಕ್ಕೆ 10 ಪರ್ಸೆಂಟ್ ಫ್ಲಾಟ್, ಮೂರು ವರ್ಷ ಅಂದರೆ ಬಡ್ಡಿ 90,000, ತಿಂಗಳ ಕಂತು 10,833. ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಕೊನೆತನಕ ಪೂರ್ತಿ 3 ಲಕ್ಷಕ್ಕೇ ಹಾಕಿರುತ್ತಾರೆ. ಇಳಿಯುವ ಬಾಕಿಯ ಲೆಕ್ಕದಲ್ಲಿ ಇದು ಹತ್ತಿರಹತ್ತಿರ 18 ಪರ್ಸೆಂಟ್. 2024ರ ಅಕ್ಟೋಬರ್‌ನಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಹೊಸ ಸಾಲ ಕೊಡುವಾಗ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಹಾಳೆ ಕೊಡಲೇಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಸಂಖ್ಯೆ ಇರುತ್ತದೆ. ಫೀಸೆಲ್ಲ ಸೇರಿಸಿದ ನಿಜವಾದ ವಾರ್ಷಿಕ ಬಡ್ಡಿ ಅದೇ. ಉಳಿದ ಮಾತೆಲ್ಲ ಬಿಟ್ಟು ಅದನ್ನು ಮಾತ್ರ ಹೋಲಿಸಿ.

ಭಾವನ 60 ಸಾವಿರಕ್ಕೆ ಬಡ್ಡಿ ಇಲ್ಲ. ಲೆಕ್ಕದ ಪ್ರಕಾರ ಅದು ಕೊನೆಗೆ. ಆದರೆ ಬಡ್ಡಿ ಇಲ್ಲದ ಸಾಲಕ್ಕೂ ಒಂದು ಭಾರ ಇರುತ್ತದೆ. ಹಬ್ಬಕ್ಕೆ ಅವರ ಮನೆಗೆ ಹೋದಾಗ ಹೊಸ ಅಂಗಿ ಹಾಕಿಕೊಳ್ಳಲೂ ಮುಜುಗರ. ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಭಾವ, ಚಿನ್ನ ಬಿಡಿಸಿದ ತಿಂಗಳಿಂದ ನಿಮ್ಮದು ಶುರು. ಒಂಬತ್ತು ಕಂತಲ್ಲಿ ಮುಗಿಸ್ತೀನಿ." ಅವರು "ಆಯ್ತು ಮಾರಾಯ, ನಾನು ಕೇಳಿದ್ನಾ?" ಅಂದರು. ಕೇಳಿರಲಿಲ್ಲ. ತಾರೀಕು ಸಿಕ್ಕಿದ ಮೇಲೆ ಅವರ ದನಿ ಹಗುರಾಗಿದ್ದು ಮಾತ್ರ ನನಗೆ ಕೇಳಿಸಿತು.

ಚೀಟಿಯ ಬಗ್ಗೆ ಎರಡೇ ಮಾತು. ಸಾಲ ತೀರಿಸಲು ಚೀಟಿ ಕೂಗಿ ಎತ್ತುವುದು ಕೂಡ ಸಾಲವೇ. ಲಕ್ಷದ ಚೀಟಿಯನ್ನು ಮೊದಮೊದಲೇ 25 ಸಾವಿರ ಬಿಟ್ಟು ಎತ್ತಿದರೆ, ಕಮಿಷನ್ ಕಳೆದು ಕೈಗೆ ಬರುವುದು ಮುಕ್ಕಾಲು ಲಕ್ಷಕ್ಕಿಂತ ಕಡಿಮೆ. ಆಮೇಲೆ ಕಟ್ಟುವ ಪ್ರತಿ ಕಂತೂ ಆ ಸಾಲದ ಕಂತು. ಎತ್ತದೆ ಕೊನೆತನಕ ಕಟ್ಟುವವರಿಗೆ ಅದು ಉಳಿತಾಯ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆದದ್ದಾದರೆ ಸರಿ, ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿ ಕೊನೆಯ ಆಂಟಿಯ ಚೀಟಿಗೆ ಆಂಟಿಯ ಮಾತೇ ದಾಖಲೆ.

ಅಡ್ವಾನ್ಸ್ ಅನ್ನುವ ಬೆಂಗಳೂರಿನ ಗುಂಡಿ

ಬೇರೆ ಊರಿನವರಿಗೆ ಇದು ಅರ್ಥವಾಗುವುದು ಕಷ್ಟ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೊಡುವ ಪದ್ಧತಿ ಇಲ್ಲಿ ಈಗಲೂ ಹಲವು ಬಡಾವಣೆಗಳಲ್ಲಿ ನಡೆಯುತ್ತದೆ. ನಮ್ಮ 1,90,000 ಓನರ್ ಹತ್ತಿರ ಇದೆ, ಬಡ್ಡಿಯಿಲ್ಲದೆ. ನಾವು ಮಾಡಿದ ಪರ್ಸನಲ್ ಲೋನಿನ ಬೀಜ ಅದೇ. ಹಳೇ ಮನೆ ಬಿಡುವಾಗ ಅಲ್ಲಿನ ಅಡ್ವಾನ್ಸ್ ಬರಲು ಎರಡು ತಿಂಗಳು ತಡವಾಯಿತು, ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಹೊಸ ಮನೆಗೆ ಅಷ್ಟರಲ್ಲಿ ಸಾಲ ಮಾಡಿ ಕಟ್ಟಿಯಾಗಿತ್ತು. ಆಮೇಲೆ ವಾಪಸ್ ಬಂದ ಹಣ ಸಾಲಕ್ಕೆ ಹೋಯಿತಾ? ಇಲ್ಲ. ಸೋಫಾ ಬಂತು. ಅಡ್ವಾನ್ಸ್ ವಾಪಸ್ ಬರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಹಣ ಖಾತೆಗೆ ಬಿದ್ದ ದಿನವೇ ಸಾಲಕ್ಕೆ ಕಟ್ಟಿಬಿಡಿ. ಸಾಲ ಇರುವಾಗ ಸಾಧ್ಯವಾದಷ್ಟು ಮನೆ ಬದಲಾಯಿಸಬೇಡಿ.

ಕಂತು ತಪ್ಪಿದರೆ

ನಮಗೆ ಆ ಮಟ್ಟಕ್ಕೆ ಬರಲಿಲ್ಲ. ಆದರೆ ನಮ್ಮ ಫ್ಯಾಕ್ಟರಿಯ ಒಬ್ಬರಿಗೆ ಬಂತು, ಅವರ ಜೊತೆ ಓಡಾಡಿ ತಿಳಿದುಕೊಂಡದ್ದು ಇದು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ. ನೆಂಟರಿಗೆ, ಆಫೀಸಿನವರಿಗೆ ಹೇಳಿ ಮಾನ ಕಳೆಯುವಂತಿಲ್ಲ. ಹಾಗೆ ಮಾಡಿದರೆ ಮೊದಲು ಸಾಲ ಕೊಟ್ಟ ಸಂಸ್ಥೆಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448. ನೋಂದಣಿ ಇಲ್ಲದ ಲೇವಾದೇವಿಯವರು ಮನೆಮುಂದೆ ಬಂದು ಗಲಾಟೆ ಮಾಡಿದರೆ ಪೊಲೀಸರಿಗೆ ಹೋಗಬಹುದು. 2025ರ ಫೆಬ್ರವರಿಯಲ್ಲಿ ರಾಜ್ಯ ತಂದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟರು.

"ಅರ್ಧ ಕಟ್ಟಿ, ಸೆಟಲ್ ಮಾಡಿಬಿಡ್ತೀವಿ" ಅಂತ ಕರೆ ಬಂದರೆ ಕೂಡಲೇ ಹಿಗ್ಗಬೇಡಿ. ಪೂರ್ತಿ ಕಟ್ಟಿದರೆ ಸಿಬಿಲ್‌ನಲ್ಲಿ ಕ್ಲೋಸ್ಡ್ ಅಂತ ಬರುತ್ತದೆ, ಇದಕ್ಕೆ ಸೆಟಲ್ಡ್ ಅಂತ. ಮುಂದೆ ಮನೆ ಸಾಲಕ್ಕೆ ಹೋದಾಗ ಆ ಒಂದು ಪದ ಅಡ್ಡ ನಿಲ್ಲುತ್ತದೆ. ನಿಜಕ್ಕೂ ಬೇರೆ ದಾರಿ ಇಲ್ಲದವರಿಗೆ ಮಾತ್ರ ಅದು. ಅದಕ್ಕೂ ಮುಂಚೆ, ಕಂತು ತಪ್ಪುವ ಹದಿನೈದು ದಿನ ಮೊದಲೇ ಬ್ರಾಂಚಿಗೆ ಹೋಗಿ ಅವಧಿ ಹೆಚ್ಚಿಸಿ ಕಂತು ಇಳಿಸಲು ಕೇಳಬಹುದು. ಬಡ್ಡಿ ಜಾಸ್ತಿಯಾಗುತ್ತದೆ, ಆದರೆ ಹೆಸರು ಉಳಿಯುತ್ತದೆ.

ಒಂದು ವರ್ಷ ಆದ ಮೇಲೆ

ಈ ಜೂನ್‌ನಲ್ಲಿ ಫೀಸು ಬೇರೆ ಖಾತೆಯಿಂದ ಹೋಯಿತು. ಚಿನ್ನದ ಸಾಲ 70 ಸಾವಿರದ ಹತ್ತಿರ ಇಳಿದಿದೆ, ಬ್ಯಾಂಕಿನಲ್ಲಿ ರಿನ್ಯೂ ಮಾಡಿಸಿದೆವು. ಬಳೆ ಎರಡು ಬಿಡಿಸಿಕೊಂಡು ಬಂದೆವು, ಸರ ಅಲ್ಲೇ ಇದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹೆಲ್ತ್ ಇನ್ಶೂರೆನ್ಸಿನ ಮೇಲಿನ ಜಿಎಸ್‌ಟಿ ತೆಗೆದದ್ದರಿಂದ ನಮ್ಮ ಪ್ರೀಮಿಯಂ ಸುಮಾರು 4 ಸಾವಿರ ಇಳಿಯಿತು. ಅದನ್ನು ಸಾಲಕ್ಕೆ ಹಾಕಲಿಲ್ಲ. ಬೇರೆ ಖಾತೆಯಲ್ಲಿ ಯಾವುದಕ್ಕೂ ಹೆಸರಿಡದ 20 ಸಾವಿರ ಇರಲಿ ಅಂತ ಒಂದು ಗುರಿ ಇಟ್ಟುಕೊಂಡಿದ್ದೆವು, ಅದಕ್ಕೆ ಸೇರಿಸಿದೆವು. 10 ಪರ್ಸೆಂಟಿನ ಸಾಲ ಇಟ್ಟುಕೊಂಡು ಮೂರು ಪರ್ಸೆಂಟೂ ಬಾರದ ಉಳಿತಾಯ ಖಾತೆಯಲ್ಲಿ ದುಡ್ಡು ಇಡೋದು ನಷ್ಟ ಅಂತ ಕ್ಯಾಲ್ಕುಲೇಟರ್ ಹೇಳುತ್ತದೆ. ಫೆಬ್ರವರಿಯಲ್ಲಿ ಅಮ್ಮನಿಗೆ ರಾತ್ರಿ ಹನ್ನೊಂದಕ್ಕೆ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದಾಗ ಆ ದುಡ್ಡೇ ಕೌಂಟರಿನಲ್ಲಿ ಕಟ್ಟಿದ್ದು. ಕಾರ್ಡು ಸೀರೆಯ ಕೆಳಗೇ ಇತ್ತು.

ನೋಟ್‌ಬುಕ್ಕಿನ ಖಾಲಿ ಹಾಳೆ ಮುಗಿದು ಈಗ ಮಗಳ ಡ್ರಾಯಿಂಗ್ ಪುಸ್ತಕದ ಹಿಂಭಾಗಕ್ಕೆ ಬಂದಿದ್ದೇವೆ. ಮುಂದಿನ ತಿಂಗಳು ಮನೆಯ ಅಗ್ರಿಮೆಂಟ್ ರಿನ್ಯೂ. ಓನರ್ 8 ಪರ್ಸೆಂಟ್ ಜಾಸ್ತಿ ಅಂದಿದ್ದಾರೆ. 1,520 ರೂಪಾಯಿ. ಅದಕ್ಕೊಂದು ಸಾಲು ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದೇವೆ. ಪೆಟ್ರೋಲಿನಿಂದ ತೆಗೀಬೇಕು ಅಂತ ಅವಳು, ಹಬ್ಬದಿಂದ ಅಂತ ನಾನು. ಇನ್ನೂ ತೀರ್ಮಾನ ಆಗಿಲ್ಲ.